ಹರೆಯದವರ ಕೈಗೆ ಕಾದಂಬರಿ ಬಂದ ದಾರಿ



ಬೇಸಿಗೆ ರಜೆಗೆಂದು ಮೊಮ್ಮಗಳು ಮರಳೂರಿಗೆ ಬಂದಿದ್ದಾಳೆ. ಒಂಬತ್ತನೆಯ ತರಗತಿ ಮುಗಿಸಿರುವ ಹುಡುಗಿ. ಬಂದ ಎರಡನೆಯ ದಿನವೇ ನನ್ನ ಮುಂದೆ ಒಂದು ಪಟ್ಟಿಯನ್ನು ಹಿಡಿದಳು. ಇನ್ನೆರಡು ಮೂರು ತಿಂಗಳಲ್ಲಿ ಹೊರಬರಲಿರುವ ಇಂಗ್ಲಿಷ್ ಕಾದಂಬರಿಗಳ ಪಟ್ಟಿ ಅದು. ಎಲ್ಲವೂ ‘ಯಂಗ್ ಅಡಲ್ಟ್’ ಎಂಬ ಹಣೆಪಟ್ಟಿಯವು. ಯಾವ ಪುಸ್ತಕ ಯಾವ ತಾರೀಖಿಗೆ ಅಂಗಡಿಗೆ ಬರುತ್ತದೆ ಎಂಬುದನ್ನು ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಂಡಿದ್ದಾಳೆ. “ತಾತ, ಕನ್ನಡದಲ್ಲಿ ಈ ರಜಕ್ಕೆ ನಮ್ಮ ವಯಸ್ಸಿನವರಿಗೆ ಯಾವ್ಯಾವುದು ಬರ್ತಿದೆ?” ಎಂದು ಕೇಳಿದಳು. ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿದ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಉತ್ತರ ಹೊಳೆಯದಿದ್ದಾಗ ಮೇಷ್ಟರು ಮಾಡುವುದನ್ನೇ ನಾನೂ ಮಾಡಿದೆ: “ನಾಳೆ ಹೇಳುತ್ತೇನೆ” ಎಂದೆ. ಆ ರಾತ್ರಿ ಕುಳಿತು ಯೋಚಿಸಿದ್ದರ ಫಲವೇ ಈ ಬರಹ.

ಮೊದಲು ಹೆಸರಿನ ಮಾತು. ಹದಿಮೂರರಿಂದ ಹದಿನೆಂಟರವರೆಗಿನ ವಯಸ್ಸಿಗೆಂದು ಪ್ರತ್ಯೇಕವಾಗಿ ಕಾದಂಬರಿ ಬರೆಯುವ ಪದ್ಧತಿ ಇಂಗ್ಲಿಷಿನಲ್ಲಿಯೂ ಬಹಳ ಹಳೆಯದೇನಲ್ಲ. ಅಮೆರಿಕದ ಗ್ರಂಥಾಲಯ ಸಂಘವು ಈ ವಯಸ್ಸಿನವರಿಗಾಗಿ ಬೇರೆ ವಿಭಾಗವನ್ನು ತೆರೆದದ್ದು 1957ರಲ್ಲಿ. 1967ರಲ್ಲಿ ಎಸ್. ಇ. ಹಿಂಟನ್ ಎಂಬ ಹದಿನೆಂಟು ವರ್ಷದ ಹುಡುಗಿ ಬರೆದ ‘ದಿ ಔಟ್‌ಸೈಡರ್ಸ್’ ಪ್ರಕಟವಾದ ಮೇಲೆ ಪ್ರಕಾಶಕರಿಗೂ ಆ ಓದುಗರು ಕಣ್ಣಿಗೆ ಬಿದ್ದರು. ನಮ್ಮಲ್ಲಿ ಆ ವಯಸ್ಸಿಗೆ ಹೆಸರುಗಳಿಗೇನೂ ಬರವಿಲ್ಲ: ಹರೆಯ, ಪ್ರಾಯ, ಕೈಶೋರ, ಎಳೆಹರೆಯ. ಆದರೆ ಪುಸ್ತಕದ ಕಪಾಟಿನ ಮೇಲೆ ಈ ಯಾವ ಹೆಸರನ್ನೂ ಯಾರೂ ಬರೆದು ಅಂಟಿಸಲಿಲ್ಲ. ‘ಮಕ್ಕಳ ಸಾಹಿತ್ಯ’ ಎಂಬ ಕಪಾಟು ಇತ್ತು. ಅದರಲ್ಲಿ 1936ರಲ್ಲಿ ಶಿವರಾಮ ಕಾರಂತರು ಮೂರು ಸಂಪುಟಗಳಲ್ಲಿ ಕೊಟ್ಟ ‘ಬಾಲ ಪ್ರಪಂಚ’ವಿತ್ತು, 1949ರಿಂದ ಕನ್ನಡದಲ್ಲಿಯೂ ಬರತೊಡಗಿದ ‘ಚಂದಮಾಮ’ವಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಕಪಾಟು, ‘ಕಾದಂಬರಿ’ ಎಂಬುದು, ಅದು ದೊಡ್ಡವರದು. ಬೇತಾಳನನ್ನು ಹೆಗಲ ಮೇಲೆ ಹೊತ್ತು ಈ ದಡದಲ್ಲಿ ನಿಂತ ಹುಡುಗ ಅ. ನ. ಕೃಷ್ಣರಾಯರಿದ್ದ ಆ ದಡಕ್ಕೆ ಹೋಗಬೇಕಾದರೆ ಸೇತುವೆಯಿರಲಿಲ್ಲ, ಈಜಿಯೇ ದಾಟಬೇಕಿತ್ತು. ನಾವೆಲ್ಲರೂ ಹಾಗೆ ಈಜಿದವರೇ.

ಆ ದೊಡ್ಡವರ ಕಪಾಟಿನ ಪುಸ್ತಕಗಳು ಜನರ ಮನೆಗೆ ಬಂದ ಬಗೆ ಒಂದು ಸ್ವಾರಸ್ಯಕರ ಚರಿತ್ರೆ. ಮೈಸೂರು ಸೀಮೆಯಲ್ಲಿ ಬಿ. ವೆಂಕಟಾಚಾರ್ಯರು (1845–1914) ಬಂಗಾಳಿಯನ್ನು ತಾವೇ ಕಲಿತು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಉತ್ತರ ಕರ್ನಾಟಕದಲ್ಲಿ ಗಳಗನಾಥರು (1869–1942) ಐತಿಹಾಸಿಕ ಕಾದಂಬರಿಗಳನ್ನು ಬರೆದು, ತಾವೇ ಪುಸ್ತಕದ ಗಂಟನ್ನು ಹೊತ್ತುಕೊಂಡು ಊರಿಂದೂರಿಗೆ ನಡೆದು ಮಾರಿದರೆಂಬುದು ಕನ್ನಡಿಗರೆಲ್ಲ ಕೇಳಿರುವ ಮಾತು. ಅವರು ವೃತ್ತಿಯಿಂದ ಕನ್ನಡ ಶಾಲೆಯ ಮಾಸ್ತರರು. ಆ ಕಾರಣಕ್ಕೆ ಅವರ ಮೇಲೆ ನನಗೆ ವಿಶೇಷ ಅಭಿಮಾನ. ಕಾದಂಬರಿಕಾರರೇ ಬಾಗಿಲಿಗೆ ಬರುವ ಕಾಲದಲ್ಲಿ ಓದುಗನು ಹೊಸ ಪುಸ್ತಕಕ್ಕಾಗಿ ಕಾಯುವುದೆಂದರೆ ಬೀದಿಯ ತುದಿಯನ್ನು ನೋಡುತ್ತ ಕುಳಿತಿರುವುದೇ ಆಗಿದ್ದಿರಬೇಕು. 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದಾಗ ಚಂದಾದಾರರ ವ್ಯವಸ್ಥೆ ಬಂತು: ಮೊದಲೇ ಹಣ ಕಟ್ಟಿದರೆ ಪುಸ್ತಕಗಳು ಅಂಚೆಯಲ್ಲಿ ಮನೆಗೆ ಬರುತ್ತಿದ್ದವು. ಬೀದಿ ನೋಡುತ್ತಿದ್ದ ಕಣ್ಣು ಈಗ ಅಂಚೆಯವನನ್ನು ನೋಡತೊಡಗಿತು.

ನಮ್ಮ ಮರಳೂರಿಗೆ ಅಂಚೆಯಲ್ಲಿ ಗ್ರಂಥಮಾಲೆ ತರಿಸುವವರು ಯಾರೂ ಇರಲಿಲ್ಲ. ಇಂದು ಮರಳೂರು ತುಮಕೂರು ನಗರದ ಒಳಗೇ ಸೇರಿಹೋಗಿದೆ. ಕುಣಿಗಲ್ ರಸ್ತೆಯಲ್ಲಿ ಬರುವವರಿಗೆ ಊರು ಎಲ್ಲಿ ಮುಗಿಯಿತು, ಪೇಟೆ ಎಲ್ಲಿ ಆರಂಭವಾಯಿತು ಎಂಬುದೇ ತಿಳಿಯದು. ನಾನು ಹದಿನಾಲ್ಕರ ಹುಡುಗನಾಗಿದ್ದ 1960ರ ಸುಮಾರಿನಲ್ಲಿ ಅದು ಕೆರೆ, ತೋಟ, ರಾಗಿ ಹೊಲಗಳ ಹಳ್ಳಿ. ಪೇಟೆಗೆ ಹೋಗಿಬರಲು ಮನೆಯಲ್ಲಿ ಒಂದು ಸೈಕಲ್ ಇತ್ತು. ಪೇಟೆಯಲ್ಲಿ ದಿನಕ್ಕೆ ಐದು ನಯಾಪೈಸೆ ಬಾಡಿಗೆಗೆ ಕಾದಂಬರಿ ಕೊಡುವ ಒಂದು ಅಂಗಡಿಯಿತ್ತು. ಮುಂದುಗಡೆ ಬೀಡಿ, ನಶ್ಯ, ಸೋಪು. ಹಿಂದುಗಡೆ ಖಾಕಿ ಕಾಗದದ ಹೊದಿಕೆ ಹಾಕಿ ನಂಬರು ಬರೆದ ಪುಸ್ತಕಗಳ ಸಾಲು. ಅಕ್ಕನಿಗೆ ಮತ್ತು ಸೋದರತ್ತೆಗೆ ಪುಸ್ತಕ ತರುವ ಕೆಲಸ ನನ್ನದು. ತರುವವನು ದಾರಿಯಲ್ಲಿ ಓದಬಾರದೆಂದು ಯಾರೂ ಹೇಳಿರಲಿಲ್ಲ. ಕೆರೆ ಏರಿಯ ಮೇಲೆ ಸೈಕಲ್ ಒರಗಿಸಿ, ಬೆಳಕು ಇರುವವರೆಗೆ ಎಷ್ಟು ಪುಟ ಸಾಧ್ಯವೋ ಅಷ್ಟನ್ನು ಓದಿ, ಮನೆಗೆ ಹೋಗಿ “ಟೈರು ಪಂಕ್ಚರ್ ಆಗಿತ್ತು” ಎನ್ನುತ್ತಿದ್ದೆ. ಆ ವರ್ಷ ನಮ್ಮ ಸೈಕಲ್ಲಿನ ಟೈರು ಪಂಕ್ಚರ್ ಆದಷ್ಟು ಜಿಲ್ಲೆಯಲ್ಲಿ ಇನ್ನಾವುದೂ ಆಗಿರಲಾರದು.

ನನಗಾಗಿ ನಾನು ತರುತ್ತಿದ್ದುದು ಪತ್ತೇದಾರಿ ಕಾದಂಬರಿಗಳನ್ನು. ವಿದ್ವಾಂಸರು ಬರೆಯುವ ಸಾಹಿತ್ಯ ಚರಿತ್ರೆಗಳಲ್ಲಿ ಇವುಗಳಿಗೆ ಅರ್ಧ ಪುಟವೂ ಸಿಗುವುದಿಲ್ಲ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಎನ್. ನರಸಿಂಹಯ್ಯನವರು (1925–2011) ನಾಲ್ಕನೆಯ ತರಗತಿಯ ಆಚೆಗೆ ಶಾಲೆಯ ಮುಖ ಕಂಡವರಲ್ಲ. ಅವರು ಬರೆದದ್ದು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳು. ಅವರ ಪತ್ತೇದಾರ ಪುರುಷೋತ್ತಮನನ್ನು ಅರಿಯದ ಹುಡುಗ ನಮ್ಮ ತರಗತಿಯಲ್ಲಿ ಇರಲಿಲ್ಲ. ಇಂದು ನಾವು ನವೆಂಬರ್ ಒಂದರಂದು ಹಾರಿಸುವ ಹಳದಿ-ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಗಳೂ ನೂರಕ್ಕೆ ಮಿಕ್ಕಿ ಪತ್ತೇದಾರಿ ಕಾದಂಬರಿಗಳನ್ನು ಬರೆದವರೆಂಬುದು ಎಷ್ಟು ಮಂದಿಗೆ ಗೊತ್ತು? ಈ ಪುಸ್ತಕಗಳ ಗುಣವನ್ನು ಕುರಿತು ಚರ್ಚಿಸುವುದು ಬೇರೆ ಮಾತು. ಅವುಗಳ ಒಂದು ಉಪಕಾರವನ್ನಂತೂ ಮರೆಯಲಾಗದು. ಓದಲು ಬರುತ್ತಿದ್ದರೂ ಓದದೆ ಇದ್ದ ಹುಡುಗನು ಒಂದೇ ಕೂರಿಕೆಯಲ್ಲಿ ಪೂರ್ತಿ ಪುಸ್ತಕ ಮುಗಿಸಿ, “ಮುಂದಿನದು ಯಾವಾಗ ಬರುತ್ತೆ?” ಎಂದು ಕೇಳುವಂತೆ ಮಾಡಿದವು ಅವೇ. ಬಾಡಿಗೆ ಅಂಗಡಿಯ ಯಜಮಾನರು ಹೊಸದು ಬಂದರೆ ಮುಂದಿನ ಗಾಜಿನ ಭರಣಿಗೆ ಒರಗಿಸಿ ಇಡುತ್ತಿದ್ದರು. ರಸ್ತೆಯ ಆ ಬದಿಯಿಂದಲೇ ಅದು ಕಂಡರೆ ಎದೆ ಹೊಡೆದುಕೊಳ್ಳುತ್ತಿತ್ತು.

ಅಕ್ಕನ ಕಾಯುವಿಕೆ ಬೇರೆ ಬಗೆಯದು. ಆಕೆ ತ್ರಿವೇಣಿಯವರ ಓದುಗಳು. ‘ಹಣ್ಣೆಲೆ ಚಿಗುರಿದಾಗ’, ‘ಬೆಳ್ಳಿ ಮೋಡ’, ‘ಬೆಕ್ಕಿನ ಕಣ್ಣು’ — ಇವೆಲ್ಲ ಸಿನಿಮಾ ಆಗುವುದಕ್ಕೆ ಎಷ್ಟೋ ಮೊದಲೇ ನಮ್ಮ ಮನೆಯ ಅಡುಗೆಮನೆಯಲ್ಲಿ ಚರ್ಚೆಯಾಗಿದ್ದವು. ಹದಿನೇಳು ವರ್ಷದ ಹುಡುಗಿಯ ಮನಸ್ಸಿನಲ್ಲಿ ಏನು ನಡೆಯುತ್ತದೆ ಎಂಬುದನ್ನು ಮನೆಯಲ್ಲಿ ಯಾರೂ ಕೇಳದಿದ್ದ ಕಾಲದಲ್ಲಿ ಮೈಸೂರಿನಲ್ಲಿ ಕುಳಿತ ಒಬ್ಬ ಹೆಂಗಸು ಅದನ್ನು ಅಚ್ಚು ಮಾಡಿಸಿ ಕಳುಹಿಸುತ್ತಿದ್ದರು. 1963ರ ಜುಲೈ ಕೊನೆಯಲ್ಲಿ ತ್ರಿವೇಣಿಯವರು ಮೂವತ್ತೈದು ತುಂಬುವ ಮೊದಲೇ ತೀರಿಕೊಂಡ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಅಕ್ಕ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅಪ್ಪನಿಗೆ ಅರ್ಥವಾಗಲಿಲ್ಲ, “ಅವರು ನಿನಗೇನಾಗಬೇಕು?” ಎಂದು ಕೇಳಿದರು. ಅವರು ಅರ್ಧಕ್ಕೆ ಬಿಟ್ಟುಹೋದ ‘ಅವಳ ಮನೆ’ಯನ್ನು ಮುಂದೆ ಎಂ. ಸಿ. ಪದ್ಮಾ ಅವರು ಪೂರ್ಣಗೊಳಿಸಿದರು. ಅಕ್ಕ ಅದನ್ನು ಓದಿದಳು, ಆದರೆ ಎಲ್ಲಿ ಕೈ ಬದಲಾಯಿತೆಂದು ಹುಡುಕುತ್ತಲೇ ಓದಿದಳು.

1965ರ ಜನವರಿಯಲ್ಲಿ ‘ಸುಧಾ’ ವಾರಪತ್ರಿಕೆ ಆರಂಭವಾಯಿತು. ಅದಕ್ಕೆ ಮೊದಲೂ ‘ಪ್ರಜಾಮತ’ದಂಥ ವಾರಪತ್ರಿಕೆಗಳು ಇದ್ದವು, ಮುಂದೆ 1983ರಲ್ಲಿ ‘ತರಂಗ’ ಬಂತು. ಧಾರಾವಾಹಿ ಕಾದಂಬರಿ ಎಂಬುದು ಈ ಪತ್ರಿಕೆಗಳ ಜೀವನಾಡಿ. ಇದರ ಮರ್ಮವನ್ನು ಸ್ವಲ್ಪ ವಿವರಿಸಬೇಕು. ಬಾಡಿಗೆ ಅಂಗಡಿಯಲ್ಲಿ ಹೊಸ ಪುಸ್ತಕ ಯಾವಾಗ ಬರುವುದೋ ಯಾರಿಗೂ ಗೊತ್ತಿರಲಿಲ್ಲ. ಧಾರಾವಾಹಿಗೆ ಹಾಗಲ್ಲ, ವಾರದ ಒಂದು ಗೊತ್ತಾದ ದಿನ. ಬೆಂಗಳೂರು ಎಪ್ಪತ್ತು ಕಿಲೋಮೀಟರ್ ದೂರ. ಪತ್ರಿಕೆಯ ಕಟ್ಟು ತುಮಕೂರಿಗೆ ಬೆಳಗ್ಗೆಯೇ ಬಂದು ಬೀಳುತ್ತಿತ್ತು, ಮರಳೂರಿಗೆ ಸಂಜೆ. ಒಂದು ಪ್ರತಿಯನ್ನು ಐದಾರು ಮನೆಗಳವರು ಓದುತ್ತಿದ್ದರು. ಮೊದಲು ಯಾವ ಮನೆ, ಆಮೇಲೆ ಯಾವ ಮನೆ ಎಂಬುದಕ್ಕೆ ಕಟ್ಟುನಿಟ್ಟಾದ ಸರದಿಯಿತ್ತು. ಕೊನೆಯ ಮನೆಯವರು ಧಾರಾವಾಹಿಯ ಹಾಳೆಗಳನ್ನು ಜೋಪಾನವಾಗಿ ಬಿಡಿಸಿಕೊಂಡು, ಕಂತುಗಳೆಲ್ಲ ಮುಗಿದ ಮೇಲೆ ದಬ್ಬಳದಲ್ಲಿ ತೂತು ಹಾಕಿ, ಗೋಣಿದಾರದಲ್ಲಿ ಹೊಲಿದು, ಹಳೆಯ ಕ್ಯಾಲೆಂಡರಿನ ಹೊದಿಕೆ ಹಾಕಿ ಪುಸ್ತಕ ಮಾಡುತ್ತಿದ್ದರು. ಅಂಥ ಮನೆಹೊಲಿಗೆಯ ಕಾದಂಬರಿಗಳು ಒಂದು ಮದುವೆಯಿಂದ ಇನ್ನೊಂದು ಮದುವೆಗೆ, ತವರಿನಿಂದ ಗಂಡನ ಮನೆಗೆ ಗುಬ್ಬಿ, ಕುಣಿಗಲ್, ತುರುವೇಕೆರೆಗಳವರೆಗೂ ಪ್ರಯಾಣ ಮಾಡಿದ್ದನ್ನು ನಾನು ಕಂಡಿದ್ದೇನೆ. ಅವುಗಳಲ್ಲಿ ಒಂದೆರಡು ಕಂತು ತಪ್ಪಿಹೋಗಿರುವುದೂ ಸಾಮಾನ್ಯ. ಆಗ ಓದಿದವರು ಓದದವರಿಗೆ ಆ ಭಾಗವನ್ನು ಬಾಯಲ್ಲೇ ಹೇಳುತ್ತಿದ್ದರು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಲೇಬೇಕು. ಶಾಲೆಯ ಹೆಸರು ಬೇಡ, ಆಕೆಯ ಹೆಸರಂತೂ ಬೇಡ.

ಅದು 1974ನೆಯ ಇಸವಿ. ನಾನು ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಶಿಸ್ತು ಎಂದರೆ ನಾನೇ ಎಂಬ ಹಮ್ಮು ಇದ್ದ ಕಾಲ. ಹತ್ತನೆಯ ತರಗತಿಯಲ್ಲಿ ವ್ಯಾಕರಣ ಪಾಠ ನಡೆಯುತ್ತಿರುವಾಗ ಮೂರನೆಯ ಬೆಂಚಿನ ಹುಡುಗಿ ತಲೆ ತಗ್ಗಿಸಿ ಕುಳಿತಿದ್ದಳು. ಹೋಗಿ ನೋಡಿದರೆ ಪಠ್ಯಪುಸ್ತಕದ ಒಳಗೆ ಹೊಲಿದ ಧಾರಾವಾಹಿಯ ಕಂತೆ. ಇನ್ನೂ ಮುಗಿಯದ ಕಾದಂಬರಿ. ಇಪ್ಪತ್ತೊಂದು ಕಂತುಗಳವರೆಗೆ ಹೊಲಿದಿತ್ತು, ಮುಂದಿನವನ್ನು ಸೇರಿಸಲು ದಾರವನ್ನು ಉದ್ದವಾಗಿ ಬಿಟ್ಟಿತ್ತು. ಕಿತ್ತುಕೊಂಡೆ. ಎಲ್ಲರ ಮುಂದೆ ಒಂದೆರಡು ಬಿರುನುಡಿಗಳನ್ನೂ ಆಡಿದೆ. “ನಿಮ್ಮ ತಂದೆಯವರನ್ನು ಕರೆದುಕೊಂಡು ಬಾ” ಎಂದೆ. ತಂದೆ ಬಂದರು, ನನಗೆ ಕೈಮುಗಿದರು, ಮಗಳನ್ನು ಕರೆದುಕೊಂಡು ಹೋದರು. ಆಕೆ ಮತ್ತೆ ಶಾಲೆಗೆ ಬರಲಿಲ್ಲ. ಮುಂದಿನ ವೈಶಾಖದಲ್ಲಿ ಮದುವೆಯಾಯಿತೆಂದು ಕೇಳಿದೆ. ಕಾದಂಬರಿಯ ಕಾರಣದಿಂದಲೇ ಶಾಲೆ ಬಿಡಿಸಿದರೆಂದು ಹೇಳಲಾರೆ, ಹೇಗೂ ಬಿಡಿಸುತ್ತಿದ್ದರೇನೋ. ಆದರೆ ಅವರಿಗೆ ಬೇಕಾಗಿದ್ದ ನೆಪವನ್ನು ತಟ್ಟೆಯಲ್ಲಿಟ್ಟು ಕೊಟ್ಟವನು ನಾನು. ಆ ಕಂತೆ ಸಿಬ್ಬಂದಿ ಕೊಠಡಿಯ ಬೀರುವಿನಲ್ಲಿ ಉಳಿಯಿತು. ವರ್ಗಾವಣೆಯಾದಾಗ ಏಕೋ ಬಿಟ್ಟುಬರಲು ಮನಸ್ಸಾಗದೆ ಮನೆಗೆ ತಂದೆ. ಹದಿನಾಲ್ಕರ ವಯಸ್ಸಿನಲ್ಲಿ ಕೆರೆ ಏರಿಯ ಮೇಲೆ ಕುಳಿತು ಓದಿದವನೇ ಇಪ್ಪತ್ತೆಂಟರಲ್ಲಿ ಕಿತ್ತುಕೊಳ್ಳುವವನಾಗಿದ್ದೆ ಎಂಬುದು ಆಗ ನನಗೆ ಹೊಳೆಯಲೇ ಇಲ್ಲ.

ಹೊಳೆದದ್ದು ತೇಜಸ್ವಿಯವರಿಂದ. 1980ರಲ್ಲಿ ‘ಕರ್ವಾಲೊ’ ಬಂತು. ಜೇನು ಹಿಡಿಯುವ ಮಂದಣ್ಣ, ಹಾರುವ ಓತಿಯನ್ನು ಹುಡುಕಿ ಹೊರಟ ವಿಜ್ಞಾನಿ — ಇದನ್ನು ತೇಜಸ್ವಿ ಹುಡುಗರಿಗೆಂದು ಬರೆದವರಲ್ಲ. ಆದರೆ ನನ್ನ ತರಗತಿಯ ಹುಡುಗರು ಅದನ್ನು ತಮ್ಮದೆಂದೇ ಸ್ವೀಕರಿಸಿದರು. ಒಂದು ಪ್ರತಿಯನ್ನು ಕೊಂಡು ತರಗತಿಗೆ ಕೊಟ್ಟೆ. ಅದು ತಿರುಗಿ ಬಂದಾಗ ಹೊದಿಕೆಯೂ ಇರಲಿಲ್ಲ, ಮೊದಲ ಎಂಟು ಪುಟಗಳೂ ಇರಲಿಲ್ಲ. ಅಂಥ ಹಾಳಾದ ಪುಸ್ತಕವನ್ನು ಕಂಡು ನಾನು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು. ಆ ಬಳಿಕ ‘ಚಿದಂಬರ ರಹಸ್ಯ’, ‘ಜುಗಾರಿ ಕ್ರಾಸ್’, ‘ಪರಿಸರದ ಕತೆ’, ಕೆನೆತ್ ಆಂಡರ್ಸನ್ನನ ನರಭಕ್ಷಕಗಳ ಕಥೆಗಳು. ಒಂದೊಂದಕ್ಕೂ ಹುಡುಗರು ಕಾದರು. 2002ರಲ್ಲಿ ಯು. ಆರ್. ಅನಂತಮೂರ್ತಿಯವರ ಅಧ್ಯಕ್ಷತೆಯಲ್ಲಿ ನಮ್ಮ ತುಮಕೂರಿನಲ್ಲಿಯೇ 69ನೆಯ ಸಾಹಿತ್ಯ ಸಮ್ಮೇಳನ ನಡೆದಾಗ ವೇದಿಕೆಯ ಕಡೆಗೆ ತಲೆಯನ್ನೂ ಹಾಕದೆ ಪುಸ್ತಕ ಮಳಿಗೆಗಳಲ್ಲಿಯೇ ದಿನ ಕಳೆದ ನಿಮ್ಮಲ್ಲಿ ಕೆಲವರ ಮುಖ ಈಗಲೂ ಕಣ್ಣಮುಂದಿದೆ. ಒಬ್ಬನು ಬಸ್ ಚಾರ್ಜಿನ ಹಣಕ್ಕೂ ಪುಸ್ತಕ ಕೊಂಡು ನಡೆದೇ ಊರು ಸೇರಿದ್ದನ್ನು ನಾನು ಅವನ ಮನೆಯವರಿಗೆ ಇಂದಿಗೂ ಹೇಳಿಲ್ಲ. ಮುಂದೆ ದ್ವಿತೀಯ ಪಿಯುಸಿ ಕನ್ನಡ ಪಠ್ಯಕ್ಕೆ ‘ಕೃಷ್ಣೇಗೌಡನ ಆನೆ’ ಬಂದಾಗ, ಹದಿನೇಳರ ವಯಸ್ಸಿನವರಿಗೆ ಏನು ಕೊಡಬೇಕೆಂಬುದು ಸರ್ಕಾರಕ್ಕೂ ತಡವಾಗಿ ಗೊತ್ತಾಯಿತಲ್ಲ ಎಂದುಕೊಂಡೆ.

ಈಗ ಮೊಮ್ಮಗಳ ಪ್ರಶ್ನೆಗೆ ಬರೋಣ. 2007ರ ಜುಲೈ 21ರಂದು ಹ್ಯಾರಿ ಪಾಟರ್ ಮಾಲೆಯ ಕೊನೆಯ ಪುಸ್ತಕ ಬಂದ ದಿನ ಬೆಂಗಳೂರಿನ ಅಂಗಡಿಗಳ ಮುಂದೆ ಬೆಳಗಿನ ಜಾವವೇ ಮಕ್ಕಳು ಸಾಲು ನಿಂತಿದ್ದರು. ನಮ್ಮ ಮಕ್ಕಳಿಗೆ ಕಾಯುವ ಶಕ್ತಿ ಇಲ್ಲವೆಂದು ಹೇಳುವವರು ಆ ಸಾಲನ್ನು ನೆನೆಯಬೇಕು. ಹಾಗಾದರೆ ಕನ್ನಡದಲ್ಲಿ ಪುಸ್ತಕವೇ ಇಲ್ಲವೇ? ಇವೆ, ಹಿಂದೆಂದಿಗಿಂತ ಹೆಚ್ಚಾಗಿಯೇ ಇವೆ. ಕೇಂದ್ರ ಸಾಹಿತ್ಯ ಅಕಾಡೆಮಿಯು 2010ರಲ್ಲಿ ಬಾಲ ಸಾಹಿತ್ಯ ಪುರಸ್ಕಾರವನ್ನು ಆರಂಭಿಸಿ, ಒಂಬತ್ತರಿಂದ ಹದಿನಾರು ವರ್ಷದವರ ಪುಸ್ತಕಗಳನ್ನು ಗಣನೆಗೆ ತೆಗೆದುಕೊಂಡಿತು. ಹದಿನಾರರ ಓದುಗನೂ ಓದುಗನೆಂದು ಒಂದು ದೊಡ್ಡ ಸಂಸ್ಥೆ ಲೆಕ್ಕಕ್ಕಿಟ್ಟದ್ದು ನನಗೆ ಮಹತ್ವದ ಸಂಗತಿಯಾಗಿ ತೋರುತ್ತದೆ. ಕನ್ನಡಕ್ಕೆ ಮೊದಲ ಪುರಸ್ಕಾರ ಗಾಂಧಿಯವರನ್ನು ಕುರಿತ ಬೊಳುವಾರು ಮಹಮದ್ ಕುಂಞಿಯವರ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕತೆ’ಗೆ ಬಂತು. 2019ರಿಂದ ನಾಲ್ಕು ವರ್ಷ ಸತತವಾಗಿ ಕಾದಂಬರಿಗಳಿಗೇ ಸಂದಿತು: ಚಂದ್ರಕಾಂತ ಕರದಳ್ಳಿಯವರ ‘ಕಾಡು ಕನಸಿನ ಬೀದಿಗೆ’, ಎಚ್. ಎಸ್. ಬ್ಯಾಕೋಡ ಅವರ ‘ನಾನೂ ಅಂಬೇಡ್ಕರ್’, ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’. 2024ರಲ್ಲಿ ನಮ್ಮ ತುಮಕೂರು ಜಿಲ್ಲೆಯವರೇ ಆದ ಕೃಷ್ಣಮೂರ್ತಿ ಬಿಳಿಗೆರೆಯವರ ‘ಛೂಮಂತ್ರಯ್ಯನ ಕಥೆಗಳು’ ಪುರಸ್ಕಾರ ಪಡೆಯಿತು. ಅದು ಕಾದಂಬರಿಯಲ್ಲ, ಆದರೂ ಜಿಲ್ಲೆಯ ಅಭಿಮಾನಕ್ಕೆ ಇಲ್ಲಿ ಸೇರಿಸಿದ್ದೇನೆ.

ಕೊರತೆ ಇರುವುದು ಬೇರೆ ಕಡೆ. ಈ ಪುಸ್ತಕಗಳು ಬರುವ ದಿನ ಯಾರಿಗೂ ತಿಳಿಯುವುದಿಲ್ಲ. ಪ್ರಕಾಶಕರು ಒಂದು ಸಾವಿರ ಪ್ರತಿ ಅಚ್ಚು ಹಾಕಿಸುತ್ತಾರೆ. ಹೆಚ್ಚಿನವರ ಕಣ್ಣು ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ಮೇಲೆ. ಓದಬೇಕಾದ ಹುಡುಗನಿಗೆ ಪುಸ್ತಕದ ಹೆಸರು ತಿಳಿಯುವುದು ಪ್ರಶಸ್ತಿಯ ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೆ. ಅದೂ ಅವನು ಪತ್ರಿಕೆ ಓದಿದರೆ. ಆಗ ಅಂಗಡಿಯಲ್ಲಿ ಕೇಳಿದರೆ “ಮುಗಿದಿದೆ ಸಾರ್” ಎಂಬ ಉತ್ತರ. ನಮ್ಮ ಕಾಲದಲ್ಲಿ ನಮಗೆಂದು ಬರೆದ ಪುಸ್ತಕವಿರಲಿಲ್ಲ, ಕಾಯಲು ದಿನವಿತ್ತು. ಈ ಮಕ್ಕಳಿಗೆ ಪುಸ್ತಕವಿದೆ, ದಿನವಿಲ್ಲ. 2020ರ ನವೆಂಬರಿನಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಗಿ ಹಳ್ಳಿಯ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಅಲ್ಲಿಗೆ ಹೊಸ ಕಾದಂಬರಿ ಬಂದ ದಿನ ಬಾಗಿಲಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಹೆಸರು ಬರೆಯುವುದಕ್ಕೆ ಖರ್ಚೇನೂ ಇಲ್ಲ. ಬಾಡಿಗೆ ಅಂಗಡಿಯವರು ಗಾಜಿನ ಭರಣಿಗೆ ಒರಗಿಸಿಟ್ಟು ಮಾಡುತ್ತಿದ್ದುದೂ ಅಷ್ಟೇ ಅಲ್ಲವೇ?

ಆ ಕಂತೆಯ ಕಥೆ ಉಳಿಯಿತು. ನಿವೃತ್ತನಾಗಿ ಕೆಲವು ವರ್ಷಗಳ ತರುವಾಯ ಹಳೆಯ ವಿದ್ಯಾರ್ಥಿಗಳ ಗುರುವಂದನೆಯಲ್ಲಿ ಆಕೆ ಸಿಕ್ಕಳು. ತಲೆ ನರೆತ, ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದ ಗೃಹಿಣಿ. ಮರುದಿನ ಮನೆಗೆ ಬರಲು ಹೇಳಿ ಕಂತೆಯನ್ನು ಕೈಗೆ ಕೊಟ್ಟೆ. ಕ್ಷಮೆ ಕೇಳಬೇಕೆಂದಿದ್ದೆ, ಮಾತು ಹೊರಡಲಿಲ್ಲ. ಆಕೆ ಉದ್ದವಾಗಿ ಬಿಟ್ಟಿದ್ದ ದಾರವನ್ನು ಬೆರಳಿಗೆ ಸುತ್ತಿಕೊಂಡು, “ಸಾರ್, ಕೊನೆಗೆ ಏನಾಯ್ತು ಇದರಲ್ಲಿ?” ಎಂದು ಕೇಳಿದಳು. ಮೂವತ್ತೈದಕ್ಕೂ ಹೆಚ್ಚು ವರ್ಷ ಇಟ್ಟುಕೊಂಡಿದ್ದ ನಾನು ಅದನ್ನು ಒಮ್ಮೆಯೂ ಓದಿರಲಿಲ್ಲ. ಆಕೆಯೇ ನಕ್ಕು, “ಹೋಗಲಿ ಬಿಡಿ, ನಾನೇ ಒಂದು ಕೊನೆ ಮಾಡಿಕೊಂಡು ಮಕ್ಕಳಿಗೆ ಹೇಳಿದ್ದೇನೆ” ಎಂದಳು. ಆ ಕಾದಂಬರಿಯ ಅಚ್ಚಾದ ಪ್ರತಿಯೊಂದು ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ ಎರಡು ವರ್ಷ ಹುಡುಕಿದ ಮೇಲೆ ಸಿಕ್ಕಿತು. ಅಂಚೆಯಲ್ಲಿ ಕಳುಹಿಸಿದೆ. ವಾರದ ಬಳಿಕ ದೂರವಾಣಿ ಬಂತು. “ಓದಿದೆ ಸಾರ್. ನನ್ನ ಕೊನೆಯೇ ಚೆನ್ನಾಗಿತ್ತು.”

ಮೊಮ್ಮಗಳಿಗೆ ಪಟ್ಟಿ ಕೊಟ್ಟಿದ್ದೇನೆ. ಮೇಲೆ ಹೇಳಿದವುಗಳಲ್ಲಿ ಮೂರನ್ನು ತರಿಸಿ ಜಗಲಿಯ ಗೂಡಿನಲ್ಲಿ ಇಟ್ಟಿದ್ದೇನೆ. ಬೀದಿಯ ಮಕ್ಕಳು ಯಾರು ಬೇಕಾದರೂ ಒಯ್ಯಬಹುದು. ‘ಬಾವಲಿ ಗುಹೆ’ಯನ್ನು ಎದುರುಮನೆಯ ಹುಡುಗ ಒಯ್ದು ಒಂಬತ್ತು ದಿನವಾಯಿತು. ಕೊನೆಯ ಮನೆಯ ಹುಡುಗಿ ಈಗಾಗಲೇ ಎರಡು ಸಲ ಬಂದು, ಅದು ವಾಪಸು ಬಂತೇ ಎಂದು ವಿಚಾರಿಸಿ ಹೋಗಿದ್ದಾಳೆ. ಶುಕ್ರವಾರ ಬಾ ಎಂದು ಹೇಳಿದ್ದೇನೆ.